ಯುರೇನಿಯಂ ಸಂಯುಕ್ತವೊಂದರ ಗುಪ್ತಕ್ರಮ

ಯುರೇನಿಯಂ, ರುಥೇನಿಯಂ, ಸಿಲಿಕಾನ್ ಎಂಬ ಮೂರು ಮೂಲವಸ್ತುಗಳು ೧:೨:೨ರ ಪ್ರಮಾಣದಲ್ಲಿ ಕೂಡಿ ಆದ ಲೋಹಸಂಯುಕ್ತವೊಂದುಂಟು. ಇದನ್ನು ತಣಿಸುತ್ತ ಹೋದರೆ ೧೭.೫ ಕೆಲ್ವಿನ್ ಉಷ್ಣತೆಯಲ್ಲಿ, ಎಂದರೆ ನಿರಪೇಕ್ಷ ಶೂನ್ಯಕ್ಕೆ ಅಷ್ಟೇ ಅಂಶ ಮೇಲೆ, ಅದರ ಅಂತಃಸ್ಥಿತಿ ಥಟ್ಟನೆ ಮಾರ್ಪಡುತ್ತದೆ. ಈ ಅವಸ್ಥಾಂತರಕ್ಕೆ ಮೊದಲು ‘ಕಾಂತೀಯ’ವೆಂದು ಹೆಸರಾಯಿತು. ಆ ಹೆಸರು ನಿಲ್ಲದೆ ಹೋದ ಬಗೆಯು ವಿಚಾರಾರ್ಹವಾದುದು.

೧೯೭೫ರಲ್ಲಿ ಸೀರಿಯಂ–ಅಲ್ಯುಮಿನಿಯಂ ಸಂಯುಕ್ತವೊಂದರ ವಿಶಿಷ್ಟೋಷ್ಣವನ್ನು ಅಳೆದವರಿಗೆ, ಅದರ ಎಲೆಕ್ಟ್ರಾನುಗಳು ಸಹಜಕ್ಕಿಂತ ನೂರಾರು ಮಡಿ ಭಾರವಾದಂತೆ ವರ್ತಿಸುವುದು ಕಂಡಿತು. ‘ಭಾರ ಫರ್ಮಿಯಾನ್’ ಎಂಬ ವರ್ಗದ ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ. ಅದೇ ವರ್ಷ ಯುರೇನಿಯಂ–ಬೆರಿಲಿಯಂ ಸಂಯುಕ್ತದಲ್ಲಿ ಸುಮಾರು ೧ ಕೆಲ್ವಿನ್ನಿನ ಬಳಿ ಅತಿವಾಹಕತ್ವದ ಕುರುಹೂ ದೊರಕಿತ್ತು. ಕಂಡವರು ಅದನ್ನು ನಂಬಲಿಲ್ಲ. ಒಳಗೆ ಬೆರೆತು ಉಳಿದ ಯುರೇನಿಯಂ ಎಳೆಗಳ ಕಲ್ಮಷವೆಂದು ತಳ್ಳಿದರು. ೧೯೮೩ರಲ್ಲಿ ಆಟ್, ಫಿಸ್ಕ್ ಮೊದಲಾದವರು ಅದು ಸಂಯುಕ್ತದ ನಿಜಗುಣವೇ ಎಂದು ಸ್ಥಾಪಿಸಿದರು. ರುಥೇನಿಯಂ ಸಂಯುಕ್ತದ ವಿಷಯದಲ್ಲಿ ನಡೆದುದು ಇದಕ್ಕೆ ತಲೆಕೆಳಗು: ಕಲ್ಮಷವೇ ನಿಜಗುಣವೆಂದು ಬಹುಕಾಲ ಮಾನ್ಯವಾಯಿತು.

ಆ ಸಂಯುಕ್ತವನ್ನು ಹಾಲೆಂಡಿನ ಲೈಡನ್ನಿನಲ್ಲಿ ಪಾಲ್‌ಸ್ಟ್ರಾ, ಮೈಡೋಶ್ ಮೊದಲಾದವರೂ, ಜರ್ಮನಿಯ ಕೊಲೋನಿನಲ್ಲಿ ಶ್ಲಾಬಿಟ್ಸರೂ, ಕ್ಯಾಲಿಫೋರ್ನಿಯದಲ್ಲಿ ಮೇಪಲರೂ ಸರಿಸುಮಾರು ಒಂದೇ ಕಾಲದಲ್ಲಿ ಪರೀಕ್ಷಿಸಿದರು. ೧೯೮೫ರ ಲೈಡನ್ ಲೇಖನದ ಶಿರೋನಾಮೆಯಲ್ಲಿಯೇ ಕಾಂತೀಯ ಅವಸ್ಥಾಂತರವೆಂಬ ಮಾತಿದೆ. ಅದಕ್ಕೆ ಆಧಾರವಿರದೆ ಇರಲಿಲ್ಲ. ೧೯೮೭ರಲ್ಲಿ ಬ್ರೋಹೋಮ್ ಮತ್ತು ಅವರ ಸಂಗಡಿಗರು ನ್ಯೂಟ್ರಾನುಗಳನ್ನು ಹಾಯಿಸಿ ನೋಡಿದಾಗ, ನೆರೆಹೊರೆಯ ಪರಮಾಣುಕಾಂತಗಳು ಒಂದಕ್ಕೊಂದು ವಿಮುಖವಾಗಿ ನಿಂತ ಪ್ರತಿಕಾಂತ ವ್ಯವಸ್ಥೆಯ ಗುರುತುಗಳು ಕಾಣಿಸಿದುವು. ಆದರೆ ಪ್ರತಿ ಯುರೇನಿಯಂ ಪರಮಾಣುವಿನ ಪಾಲಿಗೆ ಬಂದ ಕಾಂತಬಲ ಬೋರ್ ಮ್ಯಾಗ್ನೆಟಾನಿನ ೦.೦೩ರಷ್ಟು ಮಾತ್ರ!

ಇಲ್ಲಿ ಲೆಕ್ಕ ತಪ್ಪಿತು. ಅವಸ್ಥಾಂತರದ ಕಾಲದಲ್ಲಿ ವಿಶಿಷ್ಟೋಷ್ಣವು ದೊಡ್ಡದಾಗಿ ಏರಿಬೀಳುತ್ತದೆ. ಪ್ರತಿ ಪರಮಾಣುವಿಗೆ ಎರಡೇ ಸ್ಥಿತಿಗಳಿದ್ದು ಅವೆರಡರ ಅನಿಶ್ಚಯವೂ ಅಳಿದರೆ ಎಷ್ಟು ಎಂಟ್ರೊಪಿ ನಷ್ಟವಾಗಬೇಕೋ ಅದರ ಐದನೆಯ ಒಂದು ಪಾಲಿನಷ್ಟು ಇಲ್ಲಿ ನಷ್ಟವಾಗುತ್ತದೆ. ಅಷ್ಟು ಅವ್ಯವಸ್ಥೆಯನ್ನು ಅಡಗಿಸಲು ಆ ಕ್ಷೀಣವಾದ ಕಾಂತಬಲ ಏನೇನೂ ಸಾಲದು. ಮತ್ತಾವುದೋ ಕ್ರಮ ಒಳಗೆ ನೆಲಸಿರಬೇಕು; ಅದು ನ್ಯೂಟ್ರಾನಿಗೆ ಸಿಕ್ಕದು. ಇದಕ್ಕೇ ‘ಗುಪ್ತಕ್ರಮ’ವೆಂಬ ಹೆಸರು ರೂಢಿಗೆ ಬಂದಿತು.

ಹಾಗಾದರೆ ಆ ೦.೦೩ ಎಲ್ಲಿಯದು? ೧೯೯೯ರಲ್ಲಿ ಜಪಾನಿನ ಅಮಿತ್ಸುಕ ಮೊದಲಾದವರು ಸ್ಫಟಿಕವನ್ನು ವಾಯುಮಂಡಲದ ಹತ್ತುಸಾವಿರ ಮಡಿಯಷ್ಟು ಒತ್ತಿದಾಗ ಕಾಂತಬಲವು ಸುಮಾರು ೦.೨೫ಕ್ಕೆ ಏರಿತು. ಬಲವೇ ಹೆಚ್ಚಿತೆ, ಅಥವಾ ಬಲವುಳ್ಳ ಭಾಗ ಹೆಚ್ಚಿತೆ ಎಂಬುದನ್ನು ನ್ಯೂಟ್ರಾನು ಹೇಳಲಾರದು. ಅದು ಕೊಡುವುದು ಇಡೀ ಸ್ಫಟಿಕದ ಸರಾಸರಿ. ೨೦೦೧ರಲ್ಲಿ ಮತ್ಸುದ ಮೊದಲಾದವರು ಸಿಲಿಕಾನ್ ಪರಮಾಣುಗಳ ನಾಭಿಗಳನ್ನೇ ಸಾಕ್ಷಿಗೆ ಕರೆದರು. ನಾಭಿಯು ತನ್ನ ನೆರೆಯನ್ನು ಮಾತ್ರ ಬಲ್ಲುದು. ಸ್ಫಟಿಕದ ಅಲ್ಪಭಾಗದಲ್ಲಿ ಪ್ರಬಲವಾದ ಕಾಂತವ್ಯವಸ್ಥೆಯೂ ಉಳಿದೆಡೆ ಅದರ ಅಭಾವವೂ ಇದೆಯೆಂದೂ, ಒತ್ತಿದಂತೆಲ್ಲ ಆ ಭಾಗವೇ ಹಿಗ್ಗುವುದೆಂದೂ ಅವುಗಳಿಂದ ತಿಳಿಯಿತು. ಗ್ರಂಥಸಂಪಾದಕರಿಗೆ ಇದು ಹೊಸದಲ್ಲ: ಕೆಲವೇ ಓಲೆಗಳಲ್ಲಿ ಸೇರಿಕೊಂಡ ಪ್ರಕ್ಷಿಪ್ತವನ್ನು ಕೃತಿಯ ಉದ್ದಕ್ಕೂ ಹರಡಿ ಕವಿಯ ಶೈಲಿಯನ್ನು ನಿರ್ಣಯಿಸಿದಂತಾಯಿತು. ದೋಷವು ಅಳತೆಯದಲ್ಲ, ಸರಾಸರಿಯನ್ನು ಪ್ರತಿಯೊಂದಕ್ಕೂ ಹಂಚಿದ ಓದಿನದು.

ಗುಪ್ತಕ್ರಮದ ಸ್ವರೂಪದ ಬಗ್ಗೆ ವ್ಯಾಖ್ಯಾನಗಳು ಹಲವು. ಪದರದೊಳಗಣ ಚತುರ್ಮುಖ ಸಾಮ್ಯ ಮುರಿಯುವುದೆಂದು ೨೦೧೧ರ ಒಂದು ಪ್ರಯೋಗ ಸೂಚಿಸಿತು. ೨೦೧೫ರಲ್ಲಿ ರಾಮನ್ ಪರಿಣಾಮದ ಮೂಲಕ ನೋಡಿದವರು ಎಡಬಲಗಳ ಭೇದವೊಂದು ಪದರದಿಂದ ಪದರಕ್ಕೆ ಪರ್ಯಾಯವಾಗಿ ಬರುವುದೆಂದರು. ಯಾವುದೂ ಸರ್ವಸಮ್ಮತವಲ್ಲ. ಒಂದು ಸಂಗತಿ ಮಾತ್ರ ಗಟ್ಟಿಯಾಗಿದೆ. ಈ ಸಂಯುಕ್ತವು ಸುಮಾರು ೧.೫ ಕೆಲ್ವಿನ್ನಿನ ಕೆಳಗೆ ಅತಿವಾಹಕವಾಗುತ್ತದೆ. ಒತ್ತಡದಿಂದ ಸ್ಫಟಿಕವೆಲ್ಲ ಪ್ರತಿಕಾಂತವಾದಲ್ಲಿ ಆ ಗುಣ ಅಳಿಯುತ್ತದೆ, ಗುಪ್ತಕ್ರಮವಿರುವಲ್ಲಿ ಮಾತ್ರ ಉಳಿಯುತ್ತದೆ.