ಮನೆಮಂದಿಯ ಮೊಬೈಲು, ಹದಿಹರೆಯದವರ ಗುಟ್ಟು: ದೂರ ಸಮಾಲೋಚನೆಯಲ್ಲಿ ಗೋಪ್ಯತೆಯ ಪ್ರಶ್ನೆ

2020ರ ಮಾರ್ಚ್ 25ರಂದು, ಕೋವಿಡ್‌ನಿಂದಾಗಿ ಇಡೀ ದೇಶ ಬಾಗಿಲು ಹಾಕಿಕೊಂಡ ದಿನವೇ, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಫೋನಿನಲ್ಲೋ ವೀಡಿಯೊದಲ್ಲೋ ವೈದ್ಯರು ರೋಗಿಯನ್ನು ನೋಡುವುದಕ್ಕೆ ಸ್ಪಷ್ಟ ನಿಯಮ ಸಿಕ್ಕಿದ್ದು ಆಗಲೇ. ಅದರಲ್ಲಿ ಅಪ್ರಾಪ್ತ ವಯಸ್ಕರ ಬಗ್ಗೆ ಇರುವ ಷರತ್ತು ಚಿಕ್ಕದು: ಗುರುತು ಖಚಿತವಾದ ವಯಸ್ಕರೊಬ್ಬರು ಜೊತೆಗಿದ್ದರೆ ಮಾತ್ರ ದೂರ ಸಮಾಲೋಚನೆ ನಡೆಸಬಹುದು. ಜ್ವರಕ್ಕೆ, ಚರ್ಮದ ತುರಿಕೆಗೆ ಈ ಷರತ್ತು ಸರಿ. ಆದರೆ 16 ವರ್ಷದ ಹುಡುಗಿಗೆ ನಿದ್ದೆ ಬರದಿರುವುದಕ್ಕೆ ಕಾರಣರಾದವರೇ ಪಕ್ಕದಲ್ಲಿ ಕುಳಿತಿದ್ದರೆ ಅವಳು ವೈದ್ಯರಿಗೆ ಏನು ಹೇಳಿಯಾಳು? ಆ ಷರತ್ತನ್ನು ಬರೆದವರ ಉದ್ದೇಶದಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ. ಮಗುವನ್ನು ಕಾಯುವುದು ಮನೆ ಎಂಬ ನಂಬಿಕೆ ಅದರ ಹಿಂದಿದೆ. ಮಾನಸಿಕ ಆರೋಗ್ಯದ ಕೆಲಸದಲ್ಲಿ ಆ ನಂಬಿಕೆಯನ್ನು ಪ್ರತಿ ಮಗುವಿನ ವಿಷಯದಲ್ಲೂ ಹೊಸದಾಗಿ ಪರೀಕ್ಷಿಸಬೇಕಾಗುತ್ತದೆ.

ಇಂಟರ್‌ನೆಟ್ ಕಾಲದಲ್ಲಿ ಹದಿಹರೆಯದವರ ಸುರಕ್ಷತೆ ಎಂದಾಗ ನಮ್ಮಲ್ಲಿ ಚರ್ಚೆಯಾಗುವುದು ಪರದೆಯ ಮುಂದೆ ಕಳೆಯುವ ಗಂಟೆಗಳು, ಆಟಗಳ ಗೀಳು, ಅಪರಿಚಿತರ ಮೋಸ. ಇವೆಲ್ಲ ನಿಜವಾದ ಆತಂಕಗಳೇ. ಆದರೆ ಈ ಚರ್ಚೆ, ಅದರಿಂದ ಹುಟ್ಟಿದ ಕಾನೂನು ಮತ್ತು ಚಿಕಿತ್ಸಾ ಪದ್ಧತಿ, ಎಲ್ಲವೂ ಒಬ್ಬರಿಗೊಂದು ಫೋನು ಇದೆ ಎಂದು ಎಣಿಸಿಕೊಂಡಿವೆ. ಕರ್ನಾಟಕದ ಅನೇಕ ಮನೆಗಳಲ್ಲಿ ಮಕ್ಕಳ ಕೈಗೆ ಸಿಗುವ ಫೋನು ಮನೆಯವರೆಲ್ಲರದು. ಆಪ್ತ ಸಮಾಲೋಚಕರು ಕೇಳಬೇಕಾದ ಮೊದಲ ಪ್ರಶ್ನೆ ‘ನಿನಗೇನಾಗಿದೆ’ ಎಂಬುದಲ್ಲ, ‘ಈ ಫೋನು ಯಾರದು, ಇದನ್ನು ಇನ್ನು ಯಾರು ನೋಡುತ್ತಾರೆ’ ಎಂಬುದು. ಈ ಲೇಖನದ ವಾದ ಇಷ್ಟೇ.

‘ಅಸರ್’ ಸಂಸ್ಥೆಯ 2023ರ ಸಮೀಕ್ಷೆ 14ರಿಂದ 18 ವರ್ಷದ ಗ್ರಾಮೀಣ ಯುವಜನರನ್ನು ಕುರಿತದ್ದು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಅದನ್ನು ಬಳಸಲೂ ಅವರಿಗೆ ಬರುತ್ತಿತ್ತು. ಹಾಗೆ ಬಳಸಬಲ್ಲವರ ಪೈಕಿ ಸ್ವಂತ ಫೋನು ಇದ್ದದ್ದು ಹುಡುಗರಲ್ಲಿ ಶೇ. 43.7 ಮಂದಿಗೆ, ಹುಡುಗಿಯರಲ್ಲಿ ಶೇ. 19.8 ಮಂದಿಗೆ. ಸ್ವಂತದ್ದು ಎನ್ನುವ ಫೋನಿನಲ್ಲೂ ಸಿಮ್ ಬೇರೆಯವರ ಹೆಸರಿನದು, ಏಕೆಂದರೆ 18 ತುಂಬದವರಿಗೆ ಸಿಮ್ ಕೊಡುವಂತಿಲ್ಲ. ಪಿಯುಸಿ ಓದುತ್ತಿರುವ ಹುಡುಗಿ ಸಹಾಯವಾಣಿಗೆ ಕರೆ ಮಾಡಿದರೆ ಆ ಕಡೆಯ ತೆರೆಯ ಮೇಲೆ ಮೂಡುವುದು ಅವಳ ಅಪ್ಪನ ಅಥವಾ ಅಣ್ಣನ ಸಂಖ್ಯೆ.

ಕರೆ ಮುಗಿದ ಮೇಲೆ ಆ ಫೋನಿನಲ್ಲಿ ಏನೇನು ಉಳಿಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಕರೆಗಳ ಪಟ್ಟಿಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಎಂಬ ಐದಂಕಿಯ ಸಂಖ್ಯೆ, ಕರೆ ಮಾಡಿದ ವೇಳೆ, ಮಾತಾಡಿದ ನಿಮಿಷಗಳು. ಕರೆ ತಾನಾಗಿ ರೆಕಾರ್ಡ್ ಆಗುವ ಫೋನಾದರೆ ಪೂರ್ತಿ ಮಾತುಕತೆ. ಮಧ್ಯದಲ್ಲಿ ಲೈನ್ ಕಟ್ಟಾಗಿ ಸಮಾಲೋಚಕರು ಕಾಳಜಿಯಿಂದ ಮತ್ತೆ ಕರೆ ಮಾಡಿದರೆ ಅದನ್ನು ಎತ್ತುವುದು ಆಗಷ್ಟೇ ಗದ್ದೆಯಿಂದ ಬಂದ ಅಪ್ಪ. ಮನಸ್ಸಿನ ಬೇಗುದಿಯ ಬಗ್ಗೆ ಯೂಟ್ಯೂಬ್‌ನಲ್ಲಿ ಎರಡು ವೀಡಿಯೊ ನೋಡಿದರೆ ಮಾರನೆಯ ದಿನ ಕಾರ್ಟೂನ್ ನೋಡಲು ಕುಳಿತ ತಮ್ಮನಿಗೂ ಅಂಥವೇ ಬರುತ್ತವೆ. ಮನೆಗೆಲ್ಲ ಒಂದೇ ಗೂಗಲ್ ಖಾತೆ. ವಾಟ್ಸ್ಆ್ಯಪ್ ಅಣ್ಣನ ಲ್ಯಾಪ್‌ಟಾಪಿಗೂ ಜೋಡಿಸಿದ್ದರೆ ಅವಳು ಟೈಪ್ ಮಾಡಿದ್ದೆಲ್ಲ ಅಲ್ಲಿಯೂ ತೆರೆದುಕೊಳ್ಳುತ್ತದೆ. ಎಲ್ಲವನ್ನೂ ಅಳಿಸಿಬಿಡು ಎಂದು ಸಲಹೆ ಕೊಡುವುದು ಸುಲಭ. ಆದರೆ ನಿತ್ಯ ನಾಲ್ಕು ಜನ ಬಳಸುವ ಫೋನಿನಲ್ಲಿ ಕರೆಗಳ ಪಟ್ಟಿ ಒಮ್ಮೆಲೇ ಖಾಲಿಯಾದರೆ ಅದೇ ಅನುಮಾನಕ್ಕೆ ದಾರಿ. ಅಳಿಸಬೇಕಾದದ್ದು ಆ ಒಂದು ಕರೆಯನ್ನು ಮಾತ್ರ ಎಂಬಷ್ಟು ಸೂಕ್ಷ್ಮವಾದ ಸಲಹೆ ಇಲ್ಲಿ ಬೇಕು.

ಕಾನೂನು ಈ ಮನೆಯೊಳಗಿನ ಸ್ಥಿತಿಗೆ ಎಷ್ಟು ಹತ್ತಿರ ಬಂದಿದೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ಹಕ್ಕು ಎಂದು ಸಾರುತ್ತದೆ. ನಾಮನಿರ್ದೇಶಿತ ಪ್ರತಿನಿಧಿಗೆ ಅವರ ಕರ್ತವ್ಯಕ್ಕೆ ಬೇಕಾದ ಮಾಹಿತಿ ಕೊಡುವುದು ಆ ಹಕ್ಕಿಗಿರುವ ವಿನಾಯಿತಿಗಳಲ್ಲಿ ಒಂದು. ಅಪ್ರಾಪ್ತ ವಯಸ್ಕರಿಗೆ ಆ ಪ್ರತಿನಿಧಿ ಯಾರು? 15ನೇ ಕಲಂ ಪ್ರಕಾರ ಕಾನೂನುಬದ್ಧ ಪೋಷಕರೇ. ಅವರು ಮಗುವಿನ ಹಿತಕ್ಕೆ ತಕ್ಕವರಲ್ಲ ಎಂದು ಕಂಡರೆ ಪರಿಶೀಲನಾ ಮಂಡಳಿ ಬೇರೆಯವರನ್ನು ನೇಮಿಸಬಹುದು. ಆಸ್ಪತ್ರೆಯಲ್ಲಿ ದಾಖಲಾದ ಮಗುವಿಗೆ ಈ ದಾರಿ ಒದಗೀತು. ರಾತ್ರಿ ಹನ್ನೊಂದಕ್ಕೆ ಹಿತ್ತಲಲ್ಲಿ ನಿಂತು ಪಿಸುಮಾತಿನಲ್ಲಿ ಕರೆ ಮಾಡಿದ ಮಗುವಿಗೆ ಮಂಡಳಿಯ ಬಾಗಿಲು ಬಹಳ ದೂರ.

ಇನ್ನೊಂದು ಕಡೆಯಿಂದ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಬರುತ್ತದೆ. 2012ರ ಆ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಅಡಿ ಆರು ತಿಂಗಳವರೆಗೆ ಸಜೆ, ದಂಡ ಅಥವಾ ಎರಡೂ. ಡಿಜಿಟಲ್ ಮಾಧ್ಯಮದಲ್ಲಿ ಲೈಂಗಿಕ ಉದ್ದೇಶದಿಂದ ಮಗುವಿನ ಬೆನ್ನು ಬೀಳುವುದೂ ಇದರ ವ್ಯಾಪ್ತಿಗೆ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಲೈಂಗಿಕ ದೃಶ್ಯಗಳನ್ನು ಇಟ್ಟುಕೊಳ್ಳುವುದರ ಬಗ್ಗೆ ಕೊಟ್ಟ ತೀರ್ಪು ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿತು. ಕಾಯ್ದೆಯ ಅಗತ್ಯದ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ. ತೊಡಕು ಇರುವುದು ಪ್ರೀತಿಸಿ ಚಿತ್ರ ಹಂಚಿಕೊಂಡ ಇಬ್ಬರು 17ರ ಹರೆಯದವರ ವಿಷಯದಲ್ಲಿ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಹದಿಹರೆಯದವರ ಪ್ರೇಮ ಸಂಬಂಧದ ಪ್ರಕರಣಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಮ್ಮತಿಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾಯ್ದೆಯ ತಿಳಿವಳಿಕೆ ಕೊಡಬೇಕೆಂದೂ ಹೇಳಿತು. 2023ರಲ್ಲಿ ಆಯೋಗ ತನ್ನ 283ನೇ ವರದಿಯಲ್ಲಿ ವಯಸ್ಸು 18 ಇರುವಂತೆಯೇ ಇರಲಿ ಎಂದಿತು. ಹಾಗಾಗಿ ಸಮಾಲೋಚಕರ ಸಂಕಟ ಹಾಗೇ ಉಳಿದಿದೆ. ‘ನೀನು ಹೇಳಿದ್ದು ನಮ್ಮಿಬ್ಬರ ನಡುವೆಯೇ ಇರುತ್ತದೆ’ ಎಂದು ಮೊದಲು ಮಾತು ಕೊಟ್ಟು, ಎಲ್ಲ ಕೇಳಿದ ಮೇಲೆ ‘ಪೊಲೀಸರಿಗೆ ಹೇಳದೆ ವಿಧಿಯಿಲ್ಲ’ ಎನ್ನುವುದು ನಂಬಿಕೆದ್ರೋಹ. ಗೋಪ್ಯತೆ ಎಲ್ಲಿಯವರೆಗೆ, ಯಾವಾಗ ಅದನ್ನು ಮುರಿಯಬೇಕಾಗುತ್ತದೆ ಎಂಬುದನ್ನು ಮಗು ಬಾಯಿ ಬಿಡುವ ಮುನ್ನವೇ ಅದರ ಮಾತಿನಲ್ಲೇ ತಿಳಿಸಬೇಕು. ಇದರಿಂದ ಕೆಲವು ಮಕ್ಕಳು ಅಲ್ಲಿಗೇ ಫೋನ್ ಇಟ್ಟುಬಿಟ್ಟಾರು. ಆದರೂ ಈ ಕ್ರಮವೇ ಪ್ರಾಮಾಣಿಕವಾದದ್ದು.

ಫೋಟೊ ಇಟ್ಟುಕೊಂಡು ಬೆದರಿಸುವ ಪ್ರಕರಣಗಳಲ್ಲಿ ಮನೆಯ ಫೋನಿನ ಪ್ರಶ್ನೆ ಇನ್ನೂ ತೀವ್ರ. ಹುಡುಗಿಯ ಡಿಪಿಯನ್ನು ತಿದ್ದಿ, ಊರಿನ ಗ್ರೂಪಿಗೆ ಹಾಕುತ್ತೇನೆಂದು ಒಬ್ಬ ಹೆದರಿಸುತ್ತಾನೆ ಎನ್ನೋಣ. ಅವಳು ಮನೆಯಲ್ಲಿ ಹೇಳಿದರೆ ಮೊದಲು ಹೋಗುವುದು ಅವಳ ಕೈಯಲ್ಲಿನ ಫೋನು. ನಂತರ ಕಾಲೇಜು. ಅದರ ಬೆನ್ನಿಗೇ ಗಂಡು ನೋಡುವ ಮಾತು. ತಪ್ಪು ಮಾಡಿದವನಿಗಿಂತ ಹೇಳಿಕೊಂಡವಳಿಗೇ ಶಿಕ್ಷೆ ಮೊದಲು ಬರುವಾಗ ಅವಳು ಸುಮ್ಮನಿರುವುದನ್ನೇ ಆರಿಸಿಕೊಳ್ಳುತ್ತಾಳೆ, ಬೆದರಿಸುವವನು ನೆಚ್ಚಿಕೊಂಡಿರುವುದೂ ಅದನ್ನೇ. ವೀಡಿಯೊ ಕಾಲ್ ಬಲೆಗೆ ಬಿದ್ದು ಹಣ ಕಳೆದುಕೊಳ್ಳುವ ಹುಡುಗರ ಕಥೆ ಬೇರೆ. ಅವರಿಗೆ ಫೋನ್ ಹೋಗುವ ಭಯಕ್ಕಿಂತ ಮರ್ಯಾದೆಯ ಭಯ ದೊಡ್ಡದು. ಅಮೆರಿಕದ ಒಂದು ಸರ್ಕಾರೇತರ ಸಂಸ್ಥೆ 2023ರಲ್ಲಿ ಆರಂಭಿಸಿದ ‘ಟೇಕ್ ಇಟ್ ಡೌನ್’ ಸೇವೆ ಇಲ್ಲಿ ನೆನಪಿಡಬೇಕಾದದ್ದು. ಚಿತ್ರ ಫೋನಿನಿಂದ ಹೊರಗೆ ಹೋಗದೆ, ಅದರ ಗಣಿತೀಯ ಗುರುತು ಮಾತ್ರ ಹೋಗಿ, ಸೇವೆಗೆ ಸೇರಿದ ಜಾಲತಾಣಗಳು ಅದನ್ನು ಪತ್ತೆ ಹಚ್ಚುತ್ತವೆ, ಹೆಸರು ಕೊಡಬೇಕಿಲ್ಲ. ನಮ್ಮ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ಮಕ್ಕಳ ವಿಷಯದಲ್ಲಿ ಹೆಸರು ಹೇಳದೆ ದೂರು ಕೊಡಲು ಅವಕಾಶವಿದೆ. ಪ್ರೌಢಶಾಲೆಗಳ ಜಾಗೃತಿ ಕಾರ್ಯಕ್ರಮಗಳಲ್ಲಿ ‘ಅಪರಿಚಿತರೊಡನೆ ಮಾತಾಡಬೇಡಿ’ ಎಂಬ ಉಪದೇಶಕ್ಕೆ ಸಿಗುವ ಸಮಯದ ಅರ್ಧವಾದರೂ ಇವುಗಳಿಗೆ ಸಿಗಬೇಕು.

ಚಿಕಿತ್ಸೆಯ ಕಡೆಗೆ ಬಂದರೆ, ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಡಾ. ಮನೋಜ್ ಕುಮಾರ್ ಶರ್ಮಾ ಅವರ ನೇತೃತ್ವದಲ್ಲಿ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ‘ಶಟ್’ ಕ್ಲಿನಿಕ್ ತೆರೆದದ್ದು ದೇಶಕ್ಕೇ ಮುನ್ನಡೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಗೇಮಿಂಗ್ ಕಾಯಿಲೆ ಸೇರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಆ ಕೆಲಸ ನಡೆದಿತ್ತು. ಆ ವರ್ಗೀಕರಣದ ಅಳತೆಗೋಲು ಕಟ್ಟುನಿಟ್ಟಿನದು: ಆಟದ ಮೇಲೆ ಹತೋಟಿ ತಪ್ಪಿರಬೇಕು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಹಾನಿ ಕಂಡೂ ಬಿಡದಿರಬೇಕು, ಅದೂ ಸಾಮಾನ್ಯವಾಗಿ 12 ತಿಂಗಳ ಕಾಲ. ಮನೆಗಳಲ್ಲಿ ‘ಮೊಬೈಲ್ ಚಟ’ ಎಂಬ ಮಾತು ಇದಕ್ಕಿಂತ ಬಹಳ ಬೇಗ ಬೀಳುತ್ತದೆ. ಮಗ ಊಟದ ಹೊತ್ತಿಗೂ ಫೋನ್ ಬಿಡುತ್ತಿಲ್ಲ ಎಂದು ಕರೆತಂದಾಗ, ಅವನು ಶಾಲೆಯಲ್ಲಿ ಏಟು ತಿನ್ನುತ್ತಿದ್ದಾನೆಯೇ, ಖಿನ್ನತೆಯಲ್ಲಿದ್ದಾನೆಯೇ, ಫೋನಿನಲ್ಲೇ ಯಾರಾದರೂ ಪೀಡಿಸುತ್ತಿದ್ದಾರೆಯೇ ಎಂದು ಕೇಳಿ ತಿಳಿಯದೆ ಚಟ ಎಂದು ಹಣೆಪಟ್ಟಿ ಹಚ್ಚಿದರೆ, ಫೋನ್ ಕಸಿಯುವುದಕ್ಕೆ ವೈದ್ಯರ ಮುದ್ರೆ ಒತ್ತಿದಂತಾಗುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಮಾನಸಿಕ ಕಾಯಿಲೆಯ ಪ್ರಮಾಣ ಶೇ. 7.3 ಎಂದು ಗುರುತಿಸಿತ್ತು. ಅಗ್ಗದ ಡೇಟಾ ಹಳ್ಳಿಹಳ್ಳಿಗೆ ಹರಿಯುವ ಮೊದಲಿನ ಲೆಕ್ಕವಿದು. ಹದಿಹರೆಯದ ಮಾನಸಿಕ ಕಾಯಿಲೆ ಮೊಬೈಲ್‌ನಿಂದಲೇ ಹುಟ್ಟಿತೆಂದು ನಂಬಿರುವವರು ಇದನ್ನು ಗಮನಿಸಬೇಕು.

ವಯಸ್ಸಿನ ಮಿತಿ ಹಾಕುವ ಕಾನೂನುಗಳೂ ಒಬ್ಬರಿಗೊಂದು ಫೋನು ಎಂಬ ಎಣಿಕೆಯ ಮೇಲೇ ನಿಂತಿವೆ. ಆಸ್ಟ್ರೇಲಿಯ 16 ತುಂಬದವರಿಗೆ ಸಾಮಾಜಿಕ ಜಾಲತಾಣದ ಖಾತೆಯನ್ನು 2025ರ ಡಿಸೆಂಬರ್‌ನಿಂದ ನಿಷೇಧಿಸಿದೆ. ನಮ್ಮ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18ರವರೆಗೂ ಪೋಷಕರ ಒಪ್ಪಿಗೆ ಕೇಳುತ್ತದೆ. ಅಮ್ಮನ ಖಾತೆಯಲ್ಲೇ ಇಡೀ ಮನೆ ಇನ್‌ಸ್ಟಾಗ್ರಾಂ ನೋಡುವಲ್ಲಿ ವಯಸ್ಸಿನ ತಪಾಸಣೆಗೆ ಸಿಗುವುದು ಅಮ್ಮನ ವಯಸ್ಸು ಮಾತ್ರ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರ ಸಮಾಲೋಚನೆಯ ದಿಕ್ಕಿನಲ್ಲಿ ನಾವು ಇಟ್ಟ ಅತಿ ದೊಡ್ಡ ಹೆಜ್ಜೆ. ಹಗಲು ರಾತ್ರಿ, ಕನ್ನಡದಲ್ಲಿ, ಬಿಡಿಗಾಸಿಲ್ಲದೆ ಸಿಗುವ ಈ ಸೇವೆಯ ರಾಷ್ಟ್ರೀಯ ಕೇಂದ್ರ ನಿಮ್ಹಾನ್ಸ್. ಟೆಲಿ ಮಾನಸ್‌ನಲ್ಲಿ ಕರೆ ಎತ್ತುವವರ ತರಬೇತಿಗೆ ಕೆಲವು ಮಾತು ಸೇರಬೇಕು ಎಂಬುದು ನನ್ನ ಒತ್ತಾಯ: ಪಕ್ಕದಲ್ಲಿ ಯಾರಿದ್ದಾರೆ, ಹೌದು ಅಲ್ಲ ಎಂದಷ್ಟೇ ಉತ್ತರಿಸಿದರೆ ಸಾಕೇ, ಲೈನ್ ಕಟ್ಟಾದರೆ ನಾವು ಮತ್ತೆ ಕರೆ ಮಾಡಬಹುದೇ, ಬೇರೆಯವರು ಎತ್ತಿದರೆ ಏನೆನ್ನಬೇಕು. ಜೀವಕ್ಕೆ ಅಪಾಯವಿದ್ದಾಗ ಈ ಎಚ್ಚರಗಳನ್ನೆಲ್ಲ ಬದಿಗಿಟ್ಟು ಕರೆ ಮಾಡಲೇಬೇಕು, ಮನೆಯವರನ್ನು ಎಬ್ಬಿಸಲೇಬೇಕು; ಅದನ್ನೂ ಮಗುವಿಗೆ ಆರಂಭದಲ್ಲೇ ಹೇಳಿರಬೇಕು.

ಫೋನೇ ಕೈಗೆ ಸಿಗದವರೂ ಇದ್ದಾರೆ, ವಸತಿ ಶಾಲೆಗಳಲ್ಲಿ ವಾರ್ಡನ್ನರ ಮೊಬೈಲಿಗೆ ಕಾಯುವ ಮಕ್ಕಳು ಅಂಥವರು. ಅವರಿಗೆ ಬೇರೊಂದು ಬಾಗಿಲು ತೆರೆಯಬಹುದು. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗಾಗಿ ‘ಸ್ನೇಹ ಕ್ಲಿನಿಕ್’ಗಳಿವೆ. ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್ಕಿನಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ನೇರ 14416ಕ್ಕೆ ಹೋಗುವ ಒಂದು ಸ್ಥಿರ ದೂರವಾಣಿ, ಶಾಲೆಯಿಂದ ಅಲ್ಲಿಗೆ ಬರಲು ಕಬ್ಬಿಣಾಂಶದ ಮಾತ್ರೆ ತರುವಷ್ಟೇ ಸಹಜವಾದ ಒಂದು ಕಾರಣ: ಇಷ್ಟನ್ನು ಒಂದೆರಡು ತಾಲ್ಲೂಕುಗಳಲ್ಲಿ ಮೊದಲು ಮಾಡಿ, ಕರೆ ಮಾಡಿದವರು ಎರಡನೆಯ ಸಲ ಬಂದರೇ ಇಲ್ಲವೇ ಎಂಬುದನ್ನು ವರ್ಷವೊಂದರ ಮಟ್ಟಿಗೆ ದಾಖಲಿಸಬಹುದು.