ಭೂಕಂಪಕ್ಕೆ ಜಗ್ಗದ ಮರದ ಮನೆ

ಸ್ಯಾನ್ ಫ್ರಾನ್ಸಿಸ್ಕೋದ ಫ್ರಾಂಕ್ಲಿನ್ ಬೀದಿಯಲ್ಲಿ 1886ರ ಮರದ ಮನೆಯೊಂದಿದೆ, ಹಾಸ್-ಲಿಲಿಯೆಂತಾಲ್ ಮನೆ ಅಂತ. ಬವೇರಿಯಾದಿಂದ ಬಂದ ದಿನಸಿ ವ್ಯಾಪಾರಿ ವಿಲಿಯಂ ಹಾಸ್ ಕಟ್ಟಿಸಿದ್ದು. ರೆಡ್‌ವುಡ್ ಮರ, ಕಡಿದಾದ ಚಾವಣಿ, ಮೂಲೆಯಲ್ಲೊಂದು ದುಂಡು ಗೋಪುರ. ಆ ಗೋಪುರದ ಕಿಟಕಿಗಳೋ, ಒಳಗೆ ನಿಂತವರು ಇಣುಕಲಾಗದಷ್ಟು ಎತ್ತರ... ಬರೀ ಶೋಕಿ! (ನಾವು ಬರೆಯೋ ಸಾಫ್ಟ್‌ವೇರಿನಲ್ಲೂ ಇಂಥ ‘ಫೀಚರ್’ಗಳಿಗೆ ಬರವಿಲ್ಲ ಬಿಡಿ.)

ನನಗೆ ಕುತೂಹಲ ಹುಟ್ಟಿಸಿದ್ದು 1906ರ ಕಥೆ. ಏಪ್ರಿಲ್ 18ರ ಭೂಕಂಪಕ್ಕೆ ಎಷ್ಟೋ ಇಟ್ಟಿಗೆ ಕಟ್ಟಡಗಳು ಉರುಳಿದವು. ಮೊಳೆ ಹೊಡೆದ ಮರದ ಚೌಕಟ್ಟು ಹಾಗಲ್ಲ ನೋಡಿ, ಅಲುಗಾಡಿ, ಬಾಗಿ, ಮತ್ತೆ ನಿಲ್ಲುತ್ತೆ. ಆದರೆ ಹಿಂದೆಯೇ ಬೆಂಕಿ ಬಂತು, ನೀರಿನ ಕೊಳವೆಗಳು ಒಡೆದಿದ್ದವು. ಮರಕ್ಕೆ ಇನ್ನೇನು ಗತಿ? ಪಕ್ಕದ ವ್ಯಾನ್ ನೆಸ್ ರಸ್ತೆಯ ಬಂಗಲೆಗಳನ್ನೇ ಡೈನಮೈಟ್ ಇಟ್ಟು ಕೆಡವಿ ಬೆಂಕಿಯನ್ನು ತಡೆದರು. ಅಷ್ಟು ಮನೆಗಳು ಹೋದವು, ಇದು ಉಳಿಯಿತು.

ಹಾಸ್ ಮಗಳು ಆಲಿಸ್ 1972ರವರೆಗೂ ಇಲ್ಲೇ ಇದ್ದರು. 1974ರಲ್ಲಿ ಕುಟುಂಬದವರು ಮನೆಯನ್ನು ಊರಿನ ಪರಂಪರೆ ಉಳಿಸುವ ಸಂಸ್ಥೆಗೆ ದಾನ ಕೊಟ್ಟರು.