ದೇಶಕ್ಕಿಂತ ಮೊದಲು ಅಂಚೆ ಹುಟ್ಟಿತು

ಅಮೆರಿಕ ದೇಶ ಹುಟ್ಟಿದ್ದು ಯಾವತ್ತು ಅಂತ ಕೇಳಿದರೆ ಕ್ವಿಜ್‌ಗೆ ಹೋಗುವ ಹುಡುಗರು ಥಟ್ಟನೆ ಹೇಳ್ತಾರೆ: 1776ರ ಜುಲೈ 4. ಸರಿ, ಅಮೆರಿಕದ ಅಂಚೆ ಇಲಾಖೆ ಹುಟ್ಟಿದ್ದು ಯಾವತ್ತು? 1775ರ ಜುಲೈ 26. ಲೆಕ್ಕ ಹಾಕಿ ನೋಡಿ, ದೇಶಕ್ಕಿಂತ ಅಂಚೆಗೆ ಹೆಚ್ಚುಕಡಿಮೆ ಒಂದು ವರ್ಷ ಜಾಸ್ತಿ ವಯಸ್ಸು! ಆಗಿನ್ನೂ ಸ್ವಾತಂತ್ರ್ಯದ ಘೋಷಣೆ ಆಗಿರಲಿಲ್ಲ. ಸಂವಿಧಾನ ಇರಲಿಲ್ಲ. ವಾಷಿಂಗ್ಟನ್ ಅಧ್ಯಕ್ಷರಾಗೋದಕ್ಕೆ ಇನ್ನೂ 14 ವರ್ಷ ಬಾಕಿ ಇತ್ತು. ಆದರೆ ವರ್ಷಕ್ಕೆ ಸಾವಿರ ಡಾಲರ್ ಸಂಬಳದ ಒಬ್ಬ ಪೋಸ್ಟ್‌ಮಾಸ್ಟರ್ ಜನರಲ್ ಇದ್ದರು. ಮದ್ದುಗುಂಡಿಗೇ ಪರದಾಡುತ್ತಿದ್ದ ಜನ ಅಂಚೆ ಕಚೇರಿಯ ಬಗ್ಗೆ ಯಾಕೆ ಇಷ್ಟು ಅರ್ಜೆಂಟ್ ಮಾಡಿದರು?

ಈ ಪ್ರಶ್ನೆಗೆ ಉತ್ತರ ಇತಿಹಾಸದ ದಪ್ಪ ಪುಸ್ತಕಗಳಲ್ಲಿ ಸಿಗುತ್ತೆ, ನಿಜ. ಆದರೆ ನನಗೆ ಅದು ಚೆನ್ನಾಗಿ ಅರ್ಥವಾಗಿದ್ದು ಒಂದು ಥರದ ಹವ್ಯಾಸಿಗಳಿಂದ. ಇವರು 250 ವರ್ಷ ಹಳೆಯ ಕಾಗದಗಳನ್ನು ಸಂಗ್ರಹಿಸುತ್ತಾರೆ. ವಿಶೇಷ ಏನು ಗೊತ್ತಾ? ಕಾಗದದ ಒಳಗೆ ಏನು ಬರೆದಿದೆ ಅನ್ನೋದು ಇವರಿಗೆ ಎರಡನೆಯ ವಿಷಯ. ಮೊದಲು ನೋಡೋದು ಹೊರಗಡೆ.

ಆ ಕಾಲದ ಕಾಗದಕ್ಕೆ ಲಕೋಟೆ ಇಲ್ಲ, ಅಂಚೆಚೀಟಿಯೂ ಇಲ್ಲ. ಜಗತ್ತಿನ ಮೊದಲ ಅಂಚೆಚೀಟಿ ಬ್ರಿಟನ್ನಿನಲ್ಲಿ ಬಂದದ್ದೇ 1840ಕ್ಕೆ, ಅಮೆರಿಕದ್ದು 1847ಕ್ಕೆ. ನಮ್ಮ ಇನ್‌ಲ್ಯಾಂಡ್ ಲೆಟರ್ ನೆನಪಿಸಿಕೊಳ್ಳಿ. ಹಾಳೆಯನ್ನೇ ಮಡಿಸಿ, ಅರಗಿನ ಮುದ್ರೆ ಒತ್ತಿ, ಹೊರಗಿನ ಮಡಿಕೆಯ ಮೇಲೆ ವಿಳಾಸ ಬರೆದರೆ ಆಯ್ತು. ಆ ಹೊರಮೈ ಮೇಲೆ ಅಂಚೆಯವನು ಒತ್ತಿದ ಠಸ್ಸೆ, ಶಾಯಿಯಲ್ಲಿ ಗೀಚಿದ ದರ, ಇನ್ನೊಂದೆರಡು ಅಕ್ಷರ. ಇಷ್ಟೇ ಇವರ ನಿಧಿ.

ನಾನು ಓದಿದ್ದು ಎಂಜಿನಿಯರಿಂಗ್. ಇಂಟರ್‌ನೆಟ್‌ನಲ್ಲಿ ಹೋಗುವ ಪ್ರತಿಯೊಂದು ಡೇಟಾ ಪ್ಯಾಕೆಟ್‌ಗೂ ಒಂದು ಹೆಡರ್ ಇರುತ್ತೆ ಅಂತ ನಮಗೆ ಪಾಠ ಮಾಡಿದ್ದರು. ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಅನ್ನೋ ವಿವರ ಅದರಲ್ಲಿ. ಈ ಕಾಗದಗಳ ಬೆನ್ನೂ ಅಂಥದ್ದೇ ಹೆಡರ್. ಅಂದಹಾಗೆ, 1755ರಿಂದ ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ನ್ಯೂಯಾರ್ಕ್‌ಗೆ ಟಪಾಲು ಒಯ್ಯುತ್ತಿದ್ದ ಸರ್ಕಾರಿ ಹಡಗುಗಳಿಗೂ ಪ್ಯಾಕೆಟ್ ಅಂತಲೇ ಹೆಸರು!

ಈ ಹೆಡರ್ ಓದೋದು ಹೇಗೆ ಅನ್ನೋದೇ ಮಜಾ. ಒಂದು ಸಣ್ಣ ವೃತ್ತ, ನಡುವೆ ಅಡ್ಡಗೆರೆ, ಒಂದು ಅರ್ಧದಲ್ಲಿ ತಿಂಗಳು, ಇನ್ನೊಂದರಲ್ಲಿ ತಾರೀಕು. ಇದನ್ನು ಬಿಷಪ್ ಮಾರ್ಕ್ ಅಂತಾರೆ. ಲಂಡನ್ನಿನ ಪೋಸ್ಟ್‌ಮಾಸ್ಟರ್ ಜನರಲ್ ಹೆನ್ರಿ ಬಿಷಪ್ 1661ರಲ್ಲಿ ಜಾರಿಗೆ ತಂದದ್ದು. ಅಂಚೆಯವರು ಕಾಗದ ಇಟ್ಟುಕೊಂಡು ತಡ ಮಾಡ್ತಾರೆ ಅನ್ನೋ ದೂರಿಗೆ ಆತ ಕೊಟ್ಟ ಉತ್ತರ ಅದು. ಕಚೇರಿಗೆ ಬಂದ ದಿನ ಕಾಗದದ ಮೇಲೇ ಇದ್ದರೆ ಸೋಮಾರಿ ಅಂಚೆಯವ ಸಿಕ್ಕಿಬೀಳ್ತಾನೆ. ಸುಮಾರು ನೂರು ವರ್ಷ ಬಿಟ್ಟು ಈ ಠಸ್ಸೆ ಅಮೆರಿಕದ ವಸಾಹತುಗಳಿಗೂ ಬಂತು. ಅದರಲ್ಲಿ ವರ್ಷ ಮಾತ್ರ ಇರೋದಿಲ್ಲ. ವರ್ಷ ಬೇಕಾದರೆ ಕಾಗದ ಬಿಚ್ಚಲೇಬೇಕು. ಊರಿನ ಹೆಸರಿನ ಠಸ್ಸೆಗಳೂ ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಸ್ಟನ್‌ನಂಥ ಕೆಲವೇ ಪಟ್ಟಣಗಳಲ್ಲಿದ್ದವು. ಉಳಿದ ಕಡೆ ಪೋಸ್ಟ್‌ಮಾಸ್ಟರ್ ಊರಿನ ಹೆಸರನ್ನು ಕೈಯಲ್ಲೇ ಬರೆಯುತ್ತಿದ್ದ.

ದರದ ಕತೆ ಇನ್ನೂ ಚೆನ್ನಾಗಿದೆ. ವಸಾಹತುಗಳಲ್ಲಿ ಒಂದೊಂದು ಪ್ರಾಂತ್ಯದ ದುಡ್ಡಿಗೆ ಒಂದೊಂದು ಬೆಲೆ. ಪೆನ್ಸಿಲ್ವೇನಿಯಾದ ಶಿಲ್ಲಿಂಗ್ ಬೇರೆ, ನ್ಯೂಯಾರ್ಕ್‌ನ ಶಿಲ್ಲಿಂಗ್ ಬೇರೆ. ಹಾಗಾದರೆ ಅಂಚೆ ದರ ಬರೆಯೋದು ಹೇಗೆ? ಬೆಳ್ಳಿಯ ತೂಕದಲ್ಲಿ! ನಮ್ಮ ಅಕ್ಕಸಾಲಿಗರ ತೊಲ, ಗುಂಜಿ ಇದ್ದ ಹಾಗೆ ಅವರಲ್ಲಿ ಪೆನ್ನಿವೇಟ್ ಮತ್ತು ಗ್ರೇನ್. 24 ಗ್ರೇನ್ ಸೇರಿದರೆ ಒಂದು ಪೆನ್ನಿವೇಟ್. ಮೂರು ಬ್ರಿಟಿಷ್ ಪೆನ್ನಿಗೆ ಒಂದು ಪೆನ್ನಿವೇಟ್ ಬೆಳ್ಳಿ ಅಂತ ಲೆಕ್ಕ. 1765ರ ಕಾನೂನಿನ ಪ್ರಕಾರ 60 ಮೈಲಿಯೊಳಗೆ ಒಂದು ಹಾಳೆಯ ಕಾಗದಕ್ಕೆ ನಾಲ್ಕು ಪೆನ್ನಿ. ಅಂದರೆ ಒಂದು ಪೆನ್ನಿವೇಟ್, ಎಂಟು ಗ್ರೇನ್. ಹಾಳೆ ಎರಡಾದರೆ ದರ ದುಪ್ಪಟ್ಟು. ಹೆಚ್ಚಾಗಿ ದುಡ್ಡು ಕೊಡಬೇಕಾದವನು ಕಾಗದ ಪಡೆದವನು, ಕಳಿಸಿದವನಲ್ಲ. ಮೂಲೆಯಲ್ಲಿ ‘1.8’ ಅಂತ ಗೀಚಿದ್ದರೆ ಸಾಮಾನ್ಯರಿಗೆ ಅದು ಏನೋ ಅಂಕಿ. ಗೊತ್ತಿದ್ದವರಿಗೆ ದೂರ, ಹಾಳೆ, ಕಾನೂನು ಎಲ್ಲ ಅದರಲ್ಲೇ ಇದೆ.

ಇಲ್ಲೊಂದು ಗೊಂದಲ ಬಗೆಹರಿಸಿಬಿಡ್ತೀನಿ. ಅಮೆರಿಕನ್ನರು ಸಿಡಿದೆದ್ದ 1765ರ ಸ್ಟಾಂಪ್ ಆ್ಯಕ್ಟ್ ಅಂಚೆಚೀಟಿಯ ಕಾನೂನು ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಅಲ್ಲ. ಅದು ನಮ್ಮ ಛಾಪಾ ಕಾಗದದ ಥರದ್ದು. ಕರಾರುಪತ್ರ, ಪತ್ರಿಕೆ, ಕೊನೆಗೆ ಇಸ್ಪೀಟ್ ಎಲೆಗೂ ಸರ್ಕಾರಿ ಮುದ್ರೆಯ ತೆರಿಗೆ. ಗಲಾಟೆ ತಡೆಯಲಾಗದೆ ಮರುವರ್ಷವೇ ವಾಪಸ್ ಪಡೆದರು.

ಅಂಚೆಯ ಜಗಳ ಶುರುವಾಗಿದ್ದು ಒಂದು ಲೀಕ್‌ನಿಂದ. ನಾವು ಟಿವಿಯವರು ಬ್ರೇಕಿಂಗ್ ಅಂತ ಕೆಂಪು ಪಟ್ಟಿ ಹಾಕ್ತೀವಲ್ಲ, ಅದೇ ಮಟ್ಟದ್ದು. ಬೆಂಜಮಿನ್ ಫ್ರಾಂಕ್ಲಿನ್ ಬರೀ ವಿಜ್ಞಾನಿ ಅಲ್ಲ. 1737ರಿಂದ ಫಿಲಡೆಲ್ಫಿಯಾದ ಪೋಸ್ಟ್‌ಮಾಸ್ಟರ್, 1753ರಿಂದ ವಸಾಹತುಗಳ ಇಬ್ಬರು ಅಂಚೆ ಮುಖ್ಯಸ್ಥರಲ್ಲಿ ಒಬ್ಬರು, ಬ್ರಿಟಿಷ್ ರಾಜನ ನೌಕರ. 1772ರಲ್ಲಿ ಲಂಡನ್‌ನಲ್ಲಿದ್ದಾಗ ಅವರ ಕೈಗೆ ಕೆಲವು ಖಾಸಗಿ ಪತ್ರಗಳು ಸಿಕ್ಕವು. ಮ್ಯಾಸಚೂಸೆಟ್ಸ್‌ನ ಥಾಮಸ್ ಹಚಿನ್ಸನ್, ಆ ಹೊತ್ತಿಗೆ ಅಲ್ಲಿನ ಗವರ್ನರ್, ವಸಾಹತಿನ ಜನರ ಸ್ವಾತಂತ್ರ್ಯವನ್ನು ಮೊಟಕು ಮಾಡಲೇಬೇಕಾಗುತ್ತದೆ ಅಂತ ಕೆಲ ವರ್ಷಗಳ ಹಿಂದೆ ಲಂಡನ್ನಿನ ಪರಿಚಿತರಿಗೆ ಬರೆದಿದ್ದ ಪತ್ರಗಳು. ಅಚ್ಚು ಹಾಕಬೇಡಿ ಅಂತ ಹೇಳಿ ಫ್ರಾಂಕ್ಲಿನ್ ಅವನ್ನು ಬಾಸ್ಟನ್‌ಗೆ ಕಳಿಸಿದರು. ಅಚ್ಚು ಹಾಕಬೇಡಿ ಅಂದರೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. 1773ರ ಜೂನ್‌ನಲ್ಲಿ ಅಚ್ಚಾಯಿತು. ಪತ್ರ ತಮಗೆ ಕೊಟ್ಟವರು ಯಾರು ಅನ್ನೋದನ್ನು ಫ್ರಾಂಕ್ಲಿನ್ ಮಾತ್ರ ಸಾಯುವವರೆಗೂ ಬಾಯಿ ಬಿಡಲಿಲ್ಲ. 1774ರ ಜನವರಿ 29ರಂದು ಲಂಡನ್‌ನಲ್ಲಿ ರಾಜನ ಮಂತ್ರಾಲೋಚನಾ ಸಭೆಯ ಮುಂದೆ ಅವರನ್ನು ನಿಲ್ಲಿಸಿ ಸರ್ಕಾರಿ ವಕೀಲ ವೆಡರ್‌ಬರ್ನ್ ಬಾಯಿಗೆ ಬಂದ ಹಾಗೆ ಬೈದ. ಫ್ರಾಂಕ್ಲಿನ್ ತುಟಿ ಬಿಚ್ಚದೆ ನಿಂತಿದ್ದರು. ಎರಡು ದಿನ ಬಿಟ್ಟು ಅಂಚೆ ಹುದ್ದೆಯಿಂದ ವಜಾ.

ಅಂಚೆ ಮುಖ್ಯಸ್ಥರಿಗೆ ಪುಕ್ಕಟೆ ಕಾಗದ ಕಳಿಸುವ ಹಕ್ಕಿತ್ತು. ಹೊರಗೆ ‘ಫ್ರೀ, ಬಿ. ಫ್ರಾಂಕ್ಲಿನ್’ ಅಂತ ಸಹಿ ಹಾಕಿದರೆ ಸಾಕು. ಅವರು ಪದ ಹಿಂದೆ ಮುಂದೆ ಮಾಡಿ ‘ಬಿ. ಫ್ರೀ ಫ್ರಾಂಕ್ಲಿನ್’ ಅಂತಲೂ ಬರೆದರು. ಇಂಗ್ಲಿಷಿನಲ್ಲಿ ಓದಿದರೆ ಸ್ವತಂತ್ರನಾಗು ಅನ್ನೋ ಧ್ವನಿ. ಬೇಕಂತಲೇ ಬರೆದರು ಅಂತ ಅಮೆರಿಕನ್ನರು ಎದೆಯುಬ್ಬಿಸಿ ಹೇಳ್ತಾರೆ. ಸಂಗ್ರಾಹಕರಿಗಂತೂ ಆ ಸಹಿಯ ಕಾಗದ ಅಂದರೆ ಪ್ರಾಣ.

ಆದರೆ ನನ್ನ ಪ್ರಕಾರ ಈ ಕತೆಯ ನಿಜವಾದ ಹೀರೋ ಫ್ರಾಂಕ್ಲಿನ್ ಅಲ್ಲ, ವಿಲಿಯಂ ಗೊಡಾರ್ಡ್ ಎಂಬ ಜಗಳಗಂಟ ಪತ್ರಕರ್ತ. ಫಿಲಡೆಲ್ಫಿಯಾದಲ್ಲಿ ಪತ್ರಿಕೆ ನಡೆಸುತ್ತಿದ್ದ. ಪತ್ರಿಕೆ ಓದುಗರಿಗೆ ತಲುಪಬೇಕಾದರೆ ಅಂಚೆ ಬೇಕು, ಅಂಚೆ ಇರೋದು ರಾಜನ ಕೈಯಲ್ಲಿ. ಅದು ಇವನ ಪತ್ರಿಕೆಗೆ ದಾರಿ ಕೊಡಲಿಲ್ಲ. 1774ರ ಆರಂಭದಲ್ಲಿ ಪತ್ರಿಕೆ ಮುಚ್ಚಿತು. ಕೇಬಲ್‌ನಿಂದ ಚಾನೆಲ್ ಕಿತ್ತುಹಾಕಿದರೆ ಏನಾಗುತ್ತೋ ಅದೇ. ಗೊಡಾರ್ಡ್ ಅಳುತ್ತಾ ಕೂರಲಿಲ್ಲ. ರಾಜನ ಅಂಚೆ ನಿಮ್ಮ ಕಾಗದ ತಡೆಯಬಹುದು, ಬಿಚ್ಚಿ ಓದಬಹುದು ಅಂತ ಊರೂರು ತಿರುಗಿ ಹೇಳಿದ. ಅದು ಬರೀ ಹೆದರಿಕೆಯ ಮಾತಲ್ಲ. ಮಂತ್ರಿಯ ವಾರಂಟ್ ಇದ್ದರೆ ಕಾಗದ ಬಿಚ್ಚಲು ಬ್ರಿಟಿಷ್ ಕಾನೂನೇ ಅನುಮತಿ ಕೊಟ್ಟಿತ್ತು. ಚಂದಾ ಎತ್ತಿ, ಕುದುರೆ ಸವಾರರನ್ನು ಗೊತ್ತುಮಾಡಿ, ಪೋರ್ಟ್ಸ್‌ಮತ್‌ನಿಂದ ವಿಲಿಯಮ್ಸ್‌ಬರ್ಗ್‌ವರೆಗೆ ಸುಮಾರು 30 ಅಂಚೆ ಕಚೇರಿಗಳ ಖಾಸಗಿ ಜಾಲ ಕಟ್ಟಿದ. 1775ರ ಜುಲೈನಲ್ಲಿ ಕಾಂಗ್ರೆಸ್ ಅಂಚೆ ಶುರು ಮಾಡುವಾಗ ಅದಕ್ಕೆ ತಳಪಾಯ ರೆಡಿ ಇತ್ತು.

ಗೊಡಾರ್ಡ್‌ಗೆ ಏನು ಸಿಕ್ತು? ಸರ್ವೇಯರ್ ಹುದ್ದೆ. ಪೋಸ್ಟ್‌ಮಾಸ್ಟರ್ ಜನರಲ್ ಆದವರು ಫ್ರಾಂಕ್ಲಿನ್. ಅವರ ಕೈಕೆಳಗಿನ ಮುಖ್ಯ ಹುದ್ದೆ ಅವರ ಅಳಿಯ ರಿಚರ್ಡ್ ಬೇಷ್‌ಗೆ. ಮರುವರ್ಷ ಮಾವನ ಕುರ್ಚಿಯೂ ಅಳಿಯನಿಗೇ ಬಂತು. ಕುಟುಂಬ ರಾಜಕಾರಣ ಬರೀ ನಮ್ಮಲ್ಲಿ ಅಂದುಕೊಂಡಿದ್ರಾ?

ರಾಜನ ಅಂಚೆ 1775ರ ಕ್ರಿಸ್‌ಮಸ್ ದಿನ ವಸಾಹತುಗಳ ಒಳಗಿನ ಸೇವೆ ನಿಲ್ಲಿಸಿತು. ಅಂದರೆ ಅಲ್ಲಿಯವರೆಗೆ ಅದೇ ಊರುಗಳ ನಡುವೆ ಎರಡೆರಡು ಅಂಚೆ, ಒಂದು ರಾಜನದು, ಇನ್ನೊಂದು ಬಂಡಾಯಗಾರರದು. ಯಾವುದರಲ್ಲಿ ಕಾಗದ ಹಾಕ್ತೀಯ ಅನ್ನೋದೇ ನೀನು ಯಾರ ಕಡೆ ಅನ್ನೋದಕ್ಕೆ ಸಾಕ್ಷಿ. ಆ ತಿಂಗಳುಗಳ ಕಾಗದಕ್ಕೆ ಸಂಗ್ರಾಹಕರು ಬಾಯಿ ಬಿಡೋದು ಸುಮ್ಮನೆ ಅಲ್ಲ.

ಭದ್ರವಾದ ಅಂಚೆ ಇಲ್ಲದಿದ್ದರೆ ಏನಾಗುತ್ತೆ ಅಂತ ಜಾನ್ ಆಡಮ್ಸ್‌ರನ್ನು ಕೇಳಬೇಕು. ಕಾಂಗ್ರೆಸ್ ಅಂಚೆ ಸ್ಥಾಪಿಸುವ ಎರಡು ದಿನ ಮೊದಲು, ಜುಲೈ 24ರಂದು, ಫಿಲಡೆಲ್ಫಿಯಾದಿಂದ ಗೆಳೆಯನಿಗೆ ಒಂದು ಪತ್ರ ಬರೆದರು. ಸಹ ಸದಸ್ಯ ಜಾನ್ ಡಿಕಿನ್ಸನ್ ಬಗ್ಗೆ, ಹಣ ದೊಡ್ಡದು ಬುದ್ಧಿ ಸಣ್ಣದು ಅನ್ನೋ ಅರ್ಥದ ಚುಚ್ಚುಮಾತು ಅದರಲ್ಲಿತ್ತು. ಊರ ಕಡೆ ಹೊರಟಿದ್ದ ಯುವ ವಕೀಲನ ಕೈಗೆ ಕೊಟ್ಟು ಕಳಿಸಿದರು. ಅವನು ದೋಣಿಯಲ್ಲಿ ಕೊಲ್ಲಿ ದಾಟುವಾಗ ಬ್ರಿಟಿಷ್ ನೌಕಾಪಡೆಗೆ ಸಿಕ್ಕಿಬಿದ್ದ. ಆಗಸ್ಟ್‌ನಲ್ಲಿ ಪತ್ರ ಬಾಸ್ಟನ್ ಪತ್ರಿಕೆಯಲ್ಲಿ ಪ್ರಕಟ. ಸೆಪ್ಟೆಂಬರ್‌ನಲ್ಲಿ ಬೀದಿಯಲ್ಲಿ ಎದುರಾದಾಗ ಆಡಮ್ಸ್ ಟೋಪಿ ತೆಗೆದು ನಮಸ್ಕರಿಸಿದರೆ ಡಿಕಿನ್ಸನ್ ಮುಖ ನೋಡದೆ ಹೋದರು! ಇದನ್ನು ಆಡಮ್ಸ್ ತಮ್ಮ ದಿನಚರಿಯಲ್ಲೇ ಬರೆದಿದ್ದಾರೆ.

ಯುದ್ಧ ನಡೆಯುವಾಗ ಅಂಚೆಯವರ ಪಾಡು ಕೇಳಬೇಡಿ. ನ್ಯೂಯಾರ್ಕ್ ಪೋಸ್ಟ್‌ಮಾಸ್ಟರ್ ಎಬನೀಜರ್ ಹಜಾರ್ಡ್ 1776ರಲ್ಲಿ ಊರು ಬಿಟ್ಟು ವಾಷಿಂಗ್ಟನ್ ಸೈನ್ಯದ ಹಿಂದೆ ಅಲೆಯಬೇಕಾಯಿತು, ಕುದುರೆ ಸಿಗದೆ ಕಾಲ್ನಡಿಗೆಯಲ್ಲಿ. ಬಾಲ್ಟಿಮೋರ್‌ನಲ್ಲಿ ಗೊಡಾರ್ಡ್‌ನ ಅಕ್ಕ ಮೇರಿ ಕ್ಯಾಥರೀನ್ 1775ರಿಂದ ಪೋಸ್ಟ್‌ಮಾಸ್ಟರ್ ಆಗಿದ್ದರು. ಜೊತೆಗೆ ಮುದ್ರಣಾಲಯ. ಸ್ವಾತಂತ್ರ್ಯ ಘೋಷಣೆಯನ್ನು ಸಹಿ ಹಾಕಿದವರ ಹೆಸರಿನ ಸಮೇತ 1777ರಲ್ಲಿ ಮೊದಲು ಅಚ್ಚು ಹಾಕಿದ್ದು ಅವರೇ. ಸೋತಿದ್ದರೆ ನೇಣು ಅಂತ ಗೊತ್ತಿದ್ದೂ ಕೆಳಗೆ ತಮ್ಮ ಹೆಸರನ್ನೂ ಹಾಕಿಕೊಂಡರು. 14 ವರ್ಷ ದುಡಿದ ಈ ಮಹಿಳೆಯನ್ನು 1789ರಲ್ಲಿ ಸ್ವತಂತ್ರ ದೇಶ ಮನೆಗೆ ಕಳಿಸಿತು. ಊರಿನ 200ಕ್ಕೂ ಹೆಚ್ಚು ಗಣ್ಯರು ಸಹಿ ಹಾಕಿ ಮನವಿ ಕೊಟ್ಟರೂ ಉಪಯೋಗ ಆಗಲಿಲ್ಲ.

ಕಾಗದದ ಮೇಲೆ ‘ಶಿಪ್’ ಅಂತ ಇದ್ದರೆ ಅದು ಖಾಸಗಿ ಹಡಗಿನಲ್ಲಿ ಬಂದದ್ದು. ಸಮುದ್ರದ ಸುದ್ದಿಯಲ್ಲೂ ಪೈಪೋಟಿ ಇತ್ತು. 1775ರ ಏಪ್ರಿಲ್ 19ರ ಲೆಕ್ಸಿಂಗ್ಟನ್ ಕಾಳಗದ ವರದಿಯನ್ನು ಬ್ರಿಟಿಷ್ ಜನರಲ್ ಗೇಜ್ ಮೊದಲು ಹಡಗಿಗೆ ಹಾಕಿದ. ನಾಲ್ಕು ದಿನ ತಡವಾಗಿ ಹೊರಟ ಬಂಡಾಯಗಾರರ ‘ಕ್ವೇರೋ’ ಅದನ್ನು ಹಿಂದಿಕ್ಕಿ ಲಂಡನ್ನಿಗೆ ಸುದ್ದಿ ಮುಟ್ಟಿಸಿತು. ಸರ್ಕಾರದ ವರದಿ ಬರೋವರೆಗೆ, ಅಂದರೆ ಸುಮಾರು ಎರಡು ವಾರ, ಲಂಡನ್ ಓದಿದ್ದು ಬರೀ ಬಂಡಾಯಗಾರರ ಕಡೆಯ ಕತೆ. ಅದೇ ಸಮುದ್ರದ ದಾರಿಯಲ್ಲಿ ನಮ್ಮ ಮೈಸೂರಿನ ಸುದ್ದಿಯೂ ಅಲ್ಲಿಗೆ ಹೋಗುತ್ತಿತ್ತು. ಬ್ರಿಟಿಷರಿಗೆ ನೀರು ಕುಡಿಸುತ್ತಿದ್ದ ಹೈದರಾಲಿಯ ಹೆಸರನ್ನು ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಗೇ ಇಟ್ಟರು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಆ ‘ಹೈದರ್ ಅಲಿ’ ತನಗಿಂತ ಬಲವಾದ ಬ್ರಿಟಿಷ್ ನೌಕೆ ‘ಜನರಲ್ ಮಂಕ್’ ಅನ್ನು ಸೆರೆಹಿಡಿಯಿತು. ಶ್ರೀರಂಗಪಟ್ಟಣ ಎಲ್ಲಿ, ಫಿಲಡೆಲ್ಫಿಯಾ ಎಲ್ಲಿ!

ಇಷ್ಟೆಲ್ಲ ಸಾಕ್ಷಿ ಉಳಿದದ್ದೇ ದೊಡ್ಡದು. ಯಾಕಂದ್ರೆ 19ನೇ ಶತಮಾನದಲ್ಲಿ ಅಮೆರಿಕಕ್ಕೆ ಹಸ್ತಾಕ್ಷರದ ಹುಚ್ಚು ಹಿಡಿಯಿತು. ವಿಲಿಯಂ ಸ್ಪ್ರೇಗ್ ಎಂಬ ಪಾದ್ರಿ, ವಾಷಿಂಗ್ಟನ್‌ರ ತಮ್ಮನ ಮಗನ ಅನುಮತಿ ಪಡೆದು, ನಕಲು ಮಾಡಿಟ್ಟು ಸುಮಾರು 1,500 ಮೂಲ ಪತ್ರಗಳನ್ನು ತೆಗೆದುಕೊಂಡು ಹೋದ. ಜೇರೆಡ್ ಸ್ಪಾರ್ಕ್ಸ್ ಇನ್ನೂ ಮುಂದೆ. ದೊಡ್ಡ ಇತಿಹಾಸಕಾರ, ಮುಂದೆ ಹಾರ್ವರ್ಡ್‌ನ ಅಧ್ಯಕ್ಷ. ವಾಷಿಂಗ್ಟನ್ ತಮ್ಮ ಮೊದಲ ಪದಗ್ರಹಣ ಭಾಷಣಕ್ಕೆ ಅಂತ ಬರೆದು, ಕೊನೆಗೆ ಓದದೆ ಬಿಟ್ಟ ಕರಡನ್ನು ತುಂಡು ತುಂಡಾಗಿ ಕತ್ತರಿಸಿ ಕೇಳಿದವರಿಗೆ ಹಂಚಿದ! ದೇವಸ್ಥಾನದ ಪ್ರಸಾದದ ಹಾಗೆ. ಆ ತುಂಡುಗಳನ್ನು ವಿದ್ವಾಂಸರು ಇವತ್ತಿಗೂ ಜೋಡಿಸುತ್ತಿದ್ದಾರೆ. ಸಹಿಗೇ ಹೀಗೆ ಕತ್ತರಿ ಬಿದ್ದ ಮೇಲೆ, ವಿಳಾಸ ಮತ್ತು ಠಸ್ಸೆ ಇದ್ದ ಹೊರಮೈಗೆ ಬೆಲೆ ಕೊಡುವವರು ಯಾರು? ಅಂಥ ಹೊತ್ತಲ್ಲಿ ಹೊರಗಡೆಯೂ ಇತಿಹಾಸವೇ ಅಂದವರು ಈ ಠಸ್ಸೆ ಸಂಗ್ರಾಹಕರು. ಅದರಿಂದ ಇನ್ನೊಂದು ಲಾಭವೂ ಇದೆ. ಫಿಲಡೆಲ್ಫಿಯಾದ ರಾಬರ್ಟ್ ಸ್ಪ್ರಿಂಗ್‌ನಂಥವರು ವಾಷಿಂಗ್ಟನ್ ಕೈಬರಹ ನಕಲು ಮಾಡಿ ಹೊಟ್ಟೆ ಹೊರೆದರು. ಕೈಬರಹ ನಕಲು ಮಾಡಬಹುದು. ಆದರೆ ದೂರಕ್ಕೆ ತಕ್ಕ ದರ, ಊರಿಗೆ ತಕ್ಕ ಠಸ್ಸೆ, ಆ ತಿಂಗಳು ಆ ಊರು ಯಾರ ಕೈಯಲ್ಲಿತ್ತು ಅನ್ನೋದು, ಇವೆಲ್ಲ ತಾಳೆಯಾಗೋ ಹಾಗೆ ಮೋಸ ಮಾಡೋದು ಕಷ್ಟ.

ಹಾಗಂತ ಈ ಹವ್ಯಾಸದವರಿಗೆ ನಾನು ಪೂರ್ತಿ ಸರ್ಟಿಫಿಕೇಟ್ ಕೊಡಲ್ಲ. ಹರಾಜಿನಲ್ಲಿ ಬೆಲೆ ಏರಿದಷ್ಟೂ ಸರ್ಕಾರಿ ಕಡತದ ಮೇಲೆ ಕಳ್ಳರ ಕಣ್ಣು. 1780ರ ಜುಲೈ 21ರಂದು ಅಲೆಗ್ಸಾಂಡರ್ ಹ್ಯಾಮಿಲ್ಟನ್ ಫ್ರೆಂಚ್ ಸೇನಾನಿ ಲಫಾಯೆತ್‌ಗೆ ಬರೆದ ಎಚ್ಚರಿಕೆಯ ಪತ್ರ ಮ್ಯಾಸಚೂಸೆಟ್ಸ್ ರಾಜ್ಯದ ದಾಖಲೆಗಳಲ್ಲಿತ್ತು. 1937ರಿಂದ 1945ರ ನಡುವೆ ಅಲ್ಲಿನ ಸಿಬ್ಬಂದಿಯೊಬ್ಬ ಕದ್ದ. ಏಳು ದಶಕ ಯಾರದೋ ಮನೆಯಲ್ಲಿದ್ದು 2018ರಲ್ಲಿ ವರ್ಜೀನಿಯಾದ ಒಂದು ಹರಾಜು ಮನೆಗೆ ಬಂತು. ಅಂದಾಜು ಬೆಲೆ 25ರಿಂದ 35 ಸಾವಿರ ಡಾಲರ್. ಹರಾಜು ಮನೆಯವರೇ ಹುಡುಕಿದಾಗ, ಇದು ಕಳೆದುಹೋದ ಪತ್ರ ಅಂತ ಗೊತ್ತಾಗಿ ಎಫ್‌ಬಿಐಗೆ ಸುದ್ದಿ ಹೋಯ್ತು. ಪತ್ರ ಇಟ್ಟುಕೊಂಡಿದ್ದ ಕುಟುಂಬ, ನಮ್ಮ ತಾತ ದುಡ್ಡು ಕೊಟ್ಟು ತಂದದ್ದು ಅಂತ ಕೋರ್ಟಿಗೆ ಹೋಯಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಪತ್ರ ರಾಜ್ಯದ್ದೇ ಅಂತ ತೀರ್ಪು ಕೊಟ್ಟಿತು. ಮರುವರ್ಷ ಜುಲೈ 4ರಂದು ಬಾಸ್ಟನ್‌ನ ಕಾಮನ್‌ವೆಲ್ತ್ ಮ್ಯೂಸಿಯಂನಲ್ಲಿ ಅದನ್ನು ಜನರಿಗೆ ತೋರಿಸಿದರು.